ಗುಡ್ಡೆ ಮೇಲಿನ ಮನೆ, ಗುಡ್ಡೆ ಕೆಳಗಿನ ಬಾವಿ

ಕಳೆದ ಸಂಚಿಕೆಯ ಹಾಲಿವುಡ್ ಬಂಗಲೆಗಳ ಲೇಖನ ನೋಡಿ ಮಂಗಳೂರಿನ ವಾಮಂಜೂರು ಕಡೆಯ ಓದುಗರೊಬ್ರು ಬರ್ದಿದ್ದಾರೆ: "ಅಮೆರಿಕದವರು ಗುಡ್ಡೆ ಮೇಲೆ ಕಟ್ಟಿದ್ರೆ ಇತಿಹಾಸ, ನಾವು ಕಟ್ಟಿದ್ರೆ ಪರಿಸರ ನಾಶವಾ? ಇಪ್ಪತ್ತು ವರ್ಷ ಗಲ್ಫಲ್ಲಿ ದುಡಿದು ನಾನೂ ಗುಡ್ಡೆ ಮೇಲೆ ವಿಲ್ಲಾ ಬುಕ್ ಮಾಡಿದ್ದೇನೆ. ನಮ್ಮೂರಿನ ಇಂಥ ಮನೆಗಳ ಫೋಟೋನೂ ಹಾಕಿ."

ಸರ್, ನಿಮ್ಮ ಆಸೆ ತಪ್ಪಲ್ಲ. ಈ ಸೆಕೆಯ ಊರಲ್ಲಿ ಗಾಳಿ ಯಾರಿಗೆ ಬೇಡ, ಬಾಲ್ಕನಿಯಿಂದ ಕಡಲು ಕಾಣ್ಬೇಕು ಅಂತ ಯಾರಿಗೂ ಅನ್ಸ್ತದೆ. ಆದ್ರೆ ನಿಮ್ಮಂಥ ಹಳೇ ಓದುಗರು ಬರೀ ಫೋಟೋ ನೋಡಿ, ಬರೆದದ್ದು ಓದದೆ ಪುಟ ಮಗುಚಿದ್ದು ನಂಗೆ ಸ್ವಲ್ಪ ಬೇಜಾರು.

ಆ ಬಂಗಲೆಗಳ ಕಥೆ ಕೇಳಿ. 1919ರಲ್ಲಿ ಮೂಕಿ ಸಿನಿಮಾದ ಸ್ಟಾರ್ ಡಗ್ಲಸ್ ಫೇರ್‌ಬ್ಯಾಂಕ್ಸ್ ಲಾಸ್ ಏಂಜಲೀಸ್ ಪಕ್ಕದ ಬೆವರ್ಲಿ ಹಿಲ್ಸ್‌ನಲ್ಲಿ ಒಂದು ಬೇಟೆ ಮನೆ ತಗೊಂಡು ದೊಡ್ಡದು ಮಾಡಿ ನಟಿ ಮೇರಿ ಪಿಕ್‌ಫೋರ್ಡ್ ಜೊತೆ ಸಂಸಾರ ಹೂಡಿದ, ಅದೇ ಪಿಕ್‌ಫೇರ್, ಅದ್ರ ಹಿಂದೆಯೇ ಸ್ಟಾರ್‌ಗಳೆಲ್ಲ ಗುಡ್ಡೆ ಹತ್ತಿದ್ರು, 1990ರಲ್ಲಿ ಅದನ್ನು ಕೆಡವಿಯೂ ಆಯ್ತು. ಎಣ್ಣೆ ದೊರೆ ಡೊಹೆನಿ ಮಗನಿಗೆ ಕೊಟ್ಟ 55 ಕೋಣೆಯ ಗ್ರೇಸ್ಟೋನ್ ಬಂಗಲೆ ಅದೇ ಊರಲ್ಲಿ 1928ರಲ್ಲಿ ಮುಗೀತು, ಮರುವರ್ಷ ಫೆಬ್ರವರಿಯಲ್ಲೇ ಮಗ ಆ ಮನೆಯೊಳಗೆ ಗುಂಡೇಟಿಗೆ ಸತ್ತ. 1965ರಲ್ಲಿ ಅಲ್ಲಿನ ನಗರಾಡಳಿತ ಆ ಜಾಗ ಖರೀದಿ ಮಾಡಿತು. ಎಂತಕ್ಕೆ ಗೊತ್ತುಂಟಾ? ಊರಿಗೆ ಕುಡಿಯುವ ನೀರಿನ ದೊಡ್ಡ ಟ್ಯಾಂಕಿ ಕಟ್ಲಿಕ್ಕೆ! ಗುಡ್ಡೆ ಅಂದ್ರೆ ನೀರು ಅಂತ ಅವ್ರಿಗೂ ಗೊತ್ತಾಯ್ತು, ನಮ್ಮ ಅಜ್ಜಂದಿರಿಗೆ ಮೊದ್ಲೇ ಗೊತ್ತಿತ್ತು.

ಇನ್ನು ಲಾಸ್ ಏಂಜಲೀಸಿನ ಶ್ರೀಮಂತರ ಗುಡ್ಡೆ ಬೆಲ್ ಏರ್, 1961ರ ನವೆಂಬರ್‌ನ ಬೆಂಕಿಗೆ ಅಲ್ಲಿ 484 ಮನೆ ಹೋಯ್ತು. ಅದೇ ಕ್ಯಾಲಿಫೋರ್ನಿಯಾದ ಸೆಲೆಬ್ರಿಟಿಗಳ ಊರು ಮೊಂಟೆಸಿಟೊದಲ್ಲಿ ಬೆಂಕಿಗೆ ಬೋಳಾದ ಗುಡ್ಡೆಯಿಂದ 2018ರ ಜನವರಿಯಲ್ಲಿ ಒಂದೇ ಮಳೆಗೆ ಕೆಸರು ಬಂಡೆ ಒಟ್ಟಿಗೆ ಇಳಿದು 23 ಜನ ತೀರಿಕೊಂಡ್ರು. ಲಾಸ್ ಏಂಜಲೀಸ್‌ಗೆ ವರ್ಷಕ್ಕೆ ಬರೋ ಮಳೆ 400 ಮಿ.ಮೀ. ಕೂಡ ಇಲ್ಲ, ನಮ್ಮ ಮಂಗಳೂರು ಕಡೆ ಮೂರೂವರೆ ಸಾವಿರ ದಾಟ್ತದೆ ಮಾರಾಯ್ರೆ.

ಮತ್ತೆ ನಮ್ಮ ಗುಡ್ಡೆ ಅಂದ್ರೆ ಏನು, ಮೇಲೆ ತೂತು ತೂತಿನ ಕೆಂಪು ಮುರಕಲ್ಲು (ಜಂಬಿಟ್ಟಿಗೆ), ಅಡಿಯಲ್ಲಿ ನುಣ್ಣಗಿನ ಶೇಡಿ ಮಣ್ಣು. ಮುರಕಲ್ಲಿನ ತೂತುಗಳಲ್ಲಿ ಮಳೆನೀರು ಇಳಿದು ನಿಧಾನ ಕೆಳಗಿನ ಬೈಲಿನ (ಗದ್ದೆ ತೋಟದ ತಗ್ಗಿನ) ಬಾವಿಗೆ ಬರ್ತದೆ. ಅದಕ್ಕೇ ಹಿಂದಿನವರು ಮನೆ ಕಟ್ಟಿದ್ದು ಗುಡ್ಡೆಯ ಬುಡದಲ್ಲಿ, ಮೇಲೆ ಹುಲ್ಲು, ಗೇರುಮರ, ಸೊಪ್ಪು. ಜೆಸಿಬಿ ಆ ಮುರಕಲ್ಲು ಎಬ್ಬಿಸಿದ್ರೆ ಉಳಿಯುವುದು ಶೇಡಿ, ಅದು ನೀರು ಕುಡಿದ್ರೆ ನಿಲ್ಲುವುದೇ ಇಲ್ಲ.

ಪೆರ್ಡೂರು ಹತ್ರ ನನ್ನ ಅಜ್ಜಿಮನೆ. ಹಿಂದಿನ ಗುಡ್ಡೆಯಲ್ಲಿ ನೀರಿಗಾಗಿ ಅಜ್ಜ ಅಡ್ಡಕ್ಕೆ ತೋಡಿಸಿದ ಸುರಂಗ, ಬೆರಳು ದಪ್ಪದ ನೀರು ಮೇ ತಿಂಗಳಲ್ಲೂ ಬೀಳ್ತಿತ್ತು, ಅಡಿಕೆ ಹಾಳೆ ಇಟ್ಟು ಕೊಡಪಾನಕ್ಕೆ ಹಿಡೀತಿದ್ರು. ಮೂರು ವರ್ಷದ ಕೆಳಗೆ ಯಾರೋ ಬಿಲ್ಡರ್ ಮೇಲೆ ತಟ್ಟು ತಟ್ಟು ಮಾಡಿ ಸೈಟ್ ಹಾಕಿದ್ರು. ಆ ಆಟಿಯಲ್ಲಿ, ಜೋರು ಮಳೆಯ ತುಳು ತಿಂಗಳಲ್ಲಿ, ಒಂದು ಬೆಳಿಗ್ಗೆ ಮಾವ ಬಾವಿಗೆ ಕೊಡಪಾನ ಬಿಟ್ಟು ಎಳೆದ್ರೆ ಬಂದದ್ದು ತೆಳು ಗುಲಾಬಿ ಬಣ್ಣದ ಗಂಜಿಯಂಥ ನೀರು, ಕೈಗೆ ಜಾರುವ ಶೇಡಿ. ಸುರಂಗದ ಬಾಯಿ ಮುಚ್ಚಿಹೋಗಿತ್ತು. ಮಾವ ಪಂಚಾಯತಿಗೆ ನಾಲ್ಕು ಸಲ ಹೋದ್ರು, ಈಗ ಟ್ಯಾಂಕರ್ ನೀರಿಗೆ ದುಡ್ಡು ಕೊಡ್ತಾರೆ.

ನೀರು ಮಾತ್ರ ಅಲ್ಲ ಸರ್. ಮೇಲೆ ಗೇಟ್ ಬಿದ್ದ ಮೇಲೆ ಶಾಲೆ ಮಕ್ಕಳ ಕಾಲುದಾರಿ ಹೋಯ್ತು, ಗುಡ್ಡೆಯ ತುಳು ಹೆಸರು ಹೋಗಿ "ಹಿಲ್ ವ್ಯೂ" ಬಂತು. ಕೆಳಗೆ ಗುತ್ತಿನ ಮನೆ (ಹಳೇ ಜಮೀನ್ದಾರಿ ಮನೆತನದ ಮನೆ) ಬಿಚ್ಚಿ ಕಂಬಗಳನ್ನು ಲೋಡಿನ ಲೆಕ್ಕದಲ್ಲಿ ಮಾರ್ತಾರೆ, ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೇ ಮನೆಗಳನ್ನು ಬಿಚ್ಚಿ ತಂದು ಹೆರಿಟೇಜ್ ವಿಲೇಜಲ್ಲಿ ಮತ್ತೆ ನಿಲ್ಲಿಸದಿದ್ರೆ ನಮ್ಮ ಮಕ್ಕಳಿಗೆ ನಡುವೆ ಅಂಗಳದ ಚೌಕಿ ಮನೆ ತೋರಿಸ್ಲಿಕ್ಕೆ ಎಲ್ಲಿಗೆ ಕರ್ಕೊಂಡು ಹೋಗುದು? ದೊಡ್ಡವರ ಮನೆಯೇ ನೋಡ್ಬೇಕು ಅಂತಾದ್ರೆ ಪುತ್ತೂರಿನ ಬಾಲವನಕ್ಕೆ ಹೋಗಿ ಬನ್ನಿ, ಶಿವರಾಮ ಕಾರಂತರು ದಶಕಗಟ್ಟಲೆ ಇದ್ದ ಮನೆ, ಸುತ್ತ ಮರ ಉಂಟು.

ಫೋಟೋ ಖಂಡಿತ ಹಾಕ್ತೇವೆ. ಒಂದು ಉಪಕಾರ ಮಾಡಿ, ನಿಮ್ಮ ವಿಲ್ಲಾದ ಕೆಳಗಿನ ಮನೆಯವ್ರನ್ನು ಮಾತಾಡಿಸಿ, ಅವರ ಬಾವಿಯಲ್ಲಿ ಮೇ ತಿಂಗಳಲ್ಲಿ ಎಷ್ಟು ಕೋಲು (ಆಳದ ಹಳೇ ಅಳತೆ) ನೀರಿತ್ತು, ಈಗ ಎಷ್ಟುಂಟು ಅಂತ ಕೇಳಿ ಬರೀರಿ. ಫೋಟೋದ ಜೊತೆಗೇ ಅದನ್ನೂ ಹಾಕುವ.