ದಂತ ಸಲಹೆ: ಬೀಳುವ ಹಲ್ಲಿಗೂ ಚಿಕಿತ್ಸೆ ಬೇಕೇ?

ಪ್ರಶ್ನೆ: ನನ್ನ ಮಗಳಿಗೆ ನಾಲ್ಕು ವರ್ಷ. ಮೇಲಿನ ಮುಂದಿನ ಹಲ್ಲುಗಳು ಕಪ್ಪಾಗಿ ಮೊಂಡಾಗಿವೆ. ಕೆಳಗಿನ ಬಲಗಡೆಯ ದವಡೆ ಹಲ್ಲು ಹುಳುಕಾಗಿ ತೂತು ಬಿದ್ದಿದೆ. ನಾಲ್ಕೈದು ರಾತ್ರಿಗಳಿಂದ ನಿದ್ದೆಯಿಂದ ಎದ್ದು ಅಳುತ್ತಿದ್ದಾಳೆ. ‘ಹಾಲುಹಲ್ಲು ತಾನೆ, ಹೇಗಿದ್ದರೂ ಬೀಳುತ್ತದೆ’ ಎಂದು ಅತ್ತೆಯವರು ಲವಂಗದೆಣ್ಣೆಯ ಹತ್ತಿ ಇಡುತ್ತಿದ್ದಾರೆ. ರಾತ್ರಿ ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿ ಇಲ್ಲದೆ ಅವಳು ಮಲಗುವುದಿಲ್ಲ. ಮನೆಯಲ್ಲಿ ರೇಷ್ಮೆ ಹುಳು ಈಗಷ್ಟೇ ನಾಲ್ಕನೇ ಜ್ವರದಿಂದ (ಪೊರೆ ಕಳಚುವ ಹಂತದಿಂದ) ಎದ್ದಿದೆ. ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕುವವರೆಗೆ ಯಾರೂ ಮನೆ ಬಿಟ್ಟು ಹೋಗುವಂತಿಲ್ಲ. ಅಲ್ಲಿಯವರೆಗೆ ಕಾಯಬಹುದೇ?
— ಒಬ್ಬ ತಾಯಿ, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಕಾಯಬೇಡಿ. ಹುಳು ಹಣ್ಣಾಗಿ, ಗೂಡು ಕಟ್ಟಿ, ನೀವು ಅದನ್ನು ಬಿಡಿಸುವ ಹೊತ್ತಿಗೆ ಎರಡು ವಾರ ಕಳೆದಿರುತ್ತದೆ. ತಣ್ಣಗಿನದೋ ಸಿಹಿಯೋ ತಾಗಿದಾಗ ಮಾತ್ರ ಕ್ಷಣಕಾಲ ಜುಮ್ಮೆಂದು ನಿಂತುಹೋಗುವ ನೋವಾಗಿದ್ದರೆ ಕೆಲವು ದಿನ ತಡೆಯಬಹುದಿತ್ತು. ಏನೂ ತಾಗದೆಯೇ ರಾತ್ರಿ ಮಗುವನ್ನು ಎಬ್ಬಿಸುವ ನೋವು, ಹುಳುಕು ಹಲ್ಲಿನ ಒಳಗಿರುವ ನರ ಮತ್ತು ರಕ್ತನಾಳಗಳ ತಿರುಳನ್ನು ತಲುಪಿರುವುದರ ಸೂಚನೆ. ಹಾಲುಹಲ್ಲಿನ ಹೊರಗಿನ ಗಟ್ಟಿ ಎನಾಮೆಲ್ ಪದರ ತೆಳ್ಳಗಿದ್ದು, ತಿರುಳಿನ ಕೋಣೆ ಹಲ್ಲಿನ ಗಾತ್ರಕ್ಕೆ ದೊಡ್ಡದಾಗಿರುವುದರಿಂದ, ದೊಡ್ಡವರ ಹಲ್ಲಿನಲ್ಲಿ ವರ್ಷಗಟ್ಟಲೆ ಹಿಡಿಯುವ ಹಾನಿ ಮಕ್ಕಳಲ್ಲಿ ತಿಂಗಳುಗಳಲ್ಲೇ ಆಗಿಬಿಡಬಹುದು. ಇನ್ನೊಂದು ಎಚ್ಚರಿಕೆ: ನಾಳೆ ನೋವು ತಾನಾಗಿಯೇ ನಿಂತರೆ ವಾಸಿಯಾಯಿತೆಂದುಕೊಳ್ಳಬೇಡಿ. ತಿರುಳು ಸತ್ತಾಗಲೂ ನೋವು ನಿಲ್ಲುತ್ತದೆ, ಆಮೇಲೆ ಬೇರಿನ ಬುಡದಲ್ಲಿ ಕೀವು ಸೇರತೊಡಗುತ್ತದೆ. ಕೆನ್ನೆ ಊದಿಕೊಂಡು ಜ್ವರ ಬಂದರೆ, ಊತ ಕಣ್ಣಿನ ಕಡೆಗೋ ಕುತ್ತಿಗೆಯ ಕಡೆಗೋ ಹರಡಿದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ, ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು.

‘ಹೇಗಿದ್ದರೂ ಬೀಳುತ್ತದೆ’ ಎಂಬ ನಿಮ್ಮ ಅತ್ತೆಯವರ ಮಾತು ಮುಂದಿನ ಹಲ್ಲುಗಳ ಮಟ್ಟಿಗೆ ಅಷ್ಟಿಷ್ಟು ಸರಿ, ಅವು ಆರೇಳು ವರ್ಷಕ್ಕೆ ಬೀಳುತ್ತವೆ. ಆದರೆ ದವಡೆಯ ಹಾಲುಹಲ್ಲುಗಳು ಹತ್ತರಿಂದ ಹನ್ನೆರಡು ವರ್ಷದವರೆಗೆ ಇರಬೇಕಾದವು. ನಿಮ್ಮ ಮಗಳು ಇನ್ನೂ ಆರು ವರ್ಷಕ್ಕಿಂತ ಹೆಚ್ಚು ಕಾಲ ಅವುಗಳಿಂದಲೇ ಅಗಿಯಬೇಕು. ಅವು ಬೇಗ ಹೋದರೆ ಹಿಂದಿನ ಹಲ್ಲು ಮುಂದಕ್ಕೆ ಸರಿದು, ಕೆಳಗಿನಿಂದ ಬರಬೇಕಾದ ಶಾಶ್ವತ ಹಲ್ಲಿನ ಜಾಗವನ್ನು ನುಂಗುತ್ತದೆ. ಬೇರಿನ ಬುಡದಲ್ಲಿ ನಿಂತ ಕೀವು, ಅಲ್ಲೇ ರೂಪುಗೊಳ್ಳುತ್ತಿರುವ ಆ ಹಲ್ಲಿನ ಎನಾಮೆಲನ್ನೂ ಕೆಡಿಸಬಹುದು.

ಮೇಲಿನ ಮುಂದಿನ ಹಲ್ಲುಗಳು ಕಪ್ಪಾಗಿ ಕೆಳಗಿನ ಮುಂದಿನ ಹಲ್ಲುಗಳು ಉಳಿದಿದ್ದರೆ ಕಾರಣ ಬಹುಪಾಲು ಆ ಬಾಟಲಿಯೇ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ, ನುಂಗುವುದೂ ನಿಧಾನವಾಗುತ್ತದೆ. ಸಿಹಿಹಾಲು ಮೇಲಿನ ಹಲ್ಲುಗಳ ಸುತ್ತ ಗಂಟೆಗಟ್ಟಲೆ ನಿಲ್ಲುತ್ತದೆ, ಕೆಳಗಿನವಕ್ಕೆ ನಾಲಿಗೆ ಮರೆಯಾಗಿರುತ್ತದೆ. ಹಗಲಿನಲ್ಲಿ ಅಳು ನಿಲ್ಲಿಸಲೆಂದು ಕೊಡುವ ಬಿಸ್ಕತ್ತು, ಚಹಾದಲ್ಲಿ ಅದ್ದಿದ ರಸ್ಕ್, ಅಂಗಡಿಯ ಐದು ರೂಪಾಯಿಯ ಪೊಟ್ಟಣ, ಪದೇ ಪದೇ ಕುಡಿಸುವ ಸಿಹಿ ಸಿರಪ್ಪು ಇವೆಲ್ಲವೂ ಸೇರಿಕೊಳ್ಳುತ್ತವೆ. ಸಕ್ಕರೆಯ ಒಟ್ಟು ಪ್ರಮಾಣದಷ್ಟೇ, ದಿನಕ್ಕೆ ಎಷ್ಟು ಸಲ ಬಾಯಿಗೆ ಹೋಗುತ್ತದೆ ಎಂಬುದೂ ಮುಖ್ಯ. ಹುಳುಮನೆಯ ಕೆಲಸ ಮೈಮೇಲಿರುವಾಗ ಮಗುವಿನ ಬಾಯಿ ನೋಡಲು ಯಾರಿಗೂ ಬಿಡುವಿರುವುದಿಲ್ಲವೆಂಬುದು ನನಗೆ ಗೊತ್ತು, ಆದ್ದರಿಂದ ಇದನ್ನು ತಾಯಿಯೊಬ್ಬಳ ತಪ್ಪೆಂದು ನಾನು ಹೇಳಲಾರೆ. ನೋವಿನ ಹಂತ ತಲುಪಿದ ಮಕ್ಕಳ ಕಥೆಯಲ್ಲಿ ಸಾಮಾನ್ಯವಾಗಿ ಕಾಣುವುದು ತಡವೇ: ಹುಳುಕು ಬಿದ್ದದ್ದು ಒಂದು ವರ್ಷ ಹಿಂದೆ, ವೈದ್ಯರ ಬಳಿ ಬಂದದ್ದು ಅತ್ತ ಮೇಲೆ.

ಈ ವಯಸ್ಸಿನವರು ‘ಹಲ್ಲು ನೋಯುತ್ತಿದೆ’ ಎಂದು ಬಾಯಿಬಿಟ್ಟು ಹೇಳುವುದು ಅಪರೂಪ. ಒಂದೇ ಪಕ್ಕದಲ್ಲಿ ಅಗಿಯುವುದು, ಮುದ್ದೆಯನ್ನಾದರೆ ನುಂಗಿ ಚಪಾತಿಯನ್ನು ದೂರ ತಳ್ಳುವುದು, ತುತ್ತನ್ನು ಕೆನ್ನೆಯಲ್ಲೇ ಇಟ್ಟುಕೊಂಡು ಕೂರುವುದು, ಹಲ್ಲುಜ್ಜುವಾಗ ಕಿರುಚುವುದು, ಇವುಗಳನ್ನು ಹಟವೆಂದು ಗದರುವ ಮೊದಲು ಬೆಳಕಿನಲ್ಲಿ ಬಾಯಿ ತೆರೆಸಿ ನೋಡಬೇಕು.

ಲವಂಗದೆಣ್ಣೆಯನ್ನು ಇಂದೇ ನಿಲ್ಲಿಸಿ. ಅದು ಎಳೆಯ ವಸಡನ್ನು ಸುಡುತ್ತದೆ, ಮಗು ನುಂಗಿದರೆ ಅಪಾಯವೂ ಇದೆ. ವೈದ್ಯರನ್ನು ಕಾಣುವವರೆಗೆ ಪ್ಯಾರಾಸಿಟಮಾಲ್ ಸಿರಪ್ ಕೊಡಬಹುದು: ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ, ಅಂದರೆ 14 ಕಿಲೋ ಮಗುವಿಗೆ ಒಂದು ಸಲಕ್ಕೆ 140ರಿಂದ 210 ಮಿಲಿಗ್ರಾಂ, ಎರಡು ಸಲದ ನಡುವೆ ಆರು ಗಂಟೆ ಅಂತರ. 5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಇರುವ ಸಿರಪ್ಪೂ ಇದೆ, 250 ಇರುವುದೂ ಇದೆ. ಆದ್ದರಿಂದ ಶೀಶೆಯ ಮೇಲಿನದನ್ನು ಓದದೆ ಚಮಚ ಅಳೆಯಬೇಡಿ. ಆಸ್ಪಿರಿನ್ ಮಾತ್ರ ಕೊಡಲೇಬಾರದು.

ತಾಲ್ಲೂಕು ಆಸ್ಪತ್ರೆಯ ದಂತ ವೈದ್ಯರನ್ನು ಬೆಳಗಿನ ಹೊತ್ತು ಕಂಡು, ಮಧ್ಯಾಹ್ನದ ಸೊಪ್ಪು ಹಾಕುವ ವೇಳೆಗೆ ಮನೆಗೆ ಮರಳಲು ಸಾಧ್ಯವಾದೀತು. ಹಲ್ಲು ಉಳಿಯುವಂತಿದ್ದರೆ ಕೆಟ್ಟ ತಿರುಳನ್ನು ತೆಗೆದು ಔಷಧಿ ತುಂಬಿ ಸ್ಟೀಲ್ ಟೋಪಿ ಹಾಕುತ್ತಾರೆ. ಉಳಿಯದಿದ್ದರೆ ಕಿತ್ತು, ಆ ಜಾಗ ಮುಚ್ಚಿಹೋಗದಂತೆ ತಂತಿಯ ಸಾಧನವೊಂದನ್ನು ಕೂಡಿಸಬೇಕೇ ಎಂದು ನೀವೇ ಕೇಳಿ. ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವೂ ಮಕ್ಕಳ ಹಲ್ಲನ್ನು ನೋಡುತ್ತದೆ, ಆದರೆ ಈ ನೋವಿಗೆ ಅವರ ದಾರಿ ಕಾಯುವುದು ಬೇಡ.

ಬಾಟಲಿಯನ್ನು ಒಂದೇ ರಾತ್ರಿಗೆ ಕಿತ್ತುಕೊಳ್ಳಲಾಗದಿದ್ದರೆ, ಮೊದಲು ಸಕ್ಕರೆ ಬಿಡಿಸಿ, ದಿನದಿಂದ ದಿನಕ್ಕೆ ಹಾಲಿಗೆ ನೀರು ಹೆಚ್ಚಿಸುತ್ತಾ ಬರಿಯ ನೀರಿಗೆ ತನ್ನಿ. ಹಾಲನ್ನು ಲೋಟದಲ್ಲಿ ಊಟದ ಹೊತ್ತಿಗೇ ಕೊಟ್ಟು, ಅನಂತರ ಹಲ್ಲುಜ್ಜಿ ಮಲಗಿಸಿ. ಏಳೆಂಟು ವರ್ಷವಾಗುವವರೆಗೆ ಬ್ರಷ್ ಹಿಡಿಯುವ ಕೈ ದೊಡ್ಡವರದಾಗಿರಬೇಕು.

ಪ್ರಶ್ನೆ: ನಮ್ಮೂರಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಐದು ವರ್ಷದ ಮಗನ ಹಲ್ಲುನೋವಿಗೆ ಅದೇ ಕಾರಣವೇ? ಫ್ಲೋರೈಡ್ ಇಲ್ಲದ ಪೇಸ್ಟ್ ಕೊಡಬೇಕೇ?
— ಓದುಗರು, ಬಾಗೇಪಲ್ಲಿ ತಾಲ್ಲೂಕು

ಉತ್ತರ: ಹೆಚ್ಚು ಫ್ಲೋರೈಡ್ ಹಲ್ಲಿಗೆ ಬಿಳಿ, ಕಂದು ಕಲೆ ತರುತ್ತದೆ, ಐದು ವರ್ಷದ ಮಗುವಿನ ನೋವಿಗೆ ಕಾರಣ ಸಾಮಾನ್ಯವಾಗಿ ಹುಳುಕೇ. ಹಾಗೆಂದು ನೀರಿನ ಚಿಂತೆ ಬಿಡುವಂತಿಲ್ಲ, ಏಕೆಂದರೆ ಎಂಟು ವರ್ಷದೊಳಗೆ ಒಸಡಿನೊಳಗೆ ರೂಪುಗೊಳ್ಳುವ ಶಾಶ್ವತ ಹಲ್ಲುಗಳ ಮೇಲೆ ಈಗಿನ ನೀರಿನ ಪರಿಣಾಮ ಆಮೇಲೆ ಕಾಣುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ತಕ್ಕದ್ದಲ್ಲ, ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಶುದ್ಧ ನೀರಿನ ಘಟಕದ ಕ್ಯಾನನ್ನು ಕುಡಿಯಲು ಮಾತ್ರ ಇಟ್ಟು, ಮುದ್ದೆಗೆ ಎಸರು ಇಡುವುದು, ಬೇಳೆ ಬೇಯಿಸುವುದು ಕೊಳವೆಬಾವಿ ನೀರಿನಲ್ಲೇ ನಡೆಯುವ ಮನೆಗಳು ನಿಮ್ಮ ಕಡೆ ಬಹಳ. ಅಡುಗೆಗೂ ಆ ಕ್ಯಾನಿನ ನೀರನ್ನೇ ಬಳಸಿ. ಪೇಸ್ಟಿನ ವಿಷಯದಲ್ಲಿ, ಮಗ ಉಗುಳಲು ಕಲಿತಿದ್ದರೆ ಬಟಾಣಿ ಕಾಳಿನಷ್ಟು ಸಾಕು. ಇನ್ನೂ ನುಂಗುತ್ತಾನೆಂದಾದರೆ ಅಕ್ಕಿಕಾಳಿನಷ್ಟಕ್ಕೆ ಇಳಿಸಿ, ಉಜ್ಜಿದ ಮೇಲೆ ಬಾಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ನಿಮ್ಮ ನೀರಿನ ಪರೀಕ್ಷೆಯ ಫಲಿತಾಂಶವನ್ನು ದಂತ ವೈದ್ಯರಿಗೆ ತೋರಿಸಿದ ಮೇಲೆ ಪೇಸ್ಟ್ ಬದಲಿಸುವುದನ್ನು ತೀರ್ಮಾನಿಸಿ.