200ಡಿ ಮಾರ್ಕ್ 2ಕ್ಕೆ ಕಡಿಮೆ ಬೆಲೆಯ ಫ್ಲ್ಯಾಶ್: ಟಿಟಿ600 ಬುಕ್ ಮಾಡೋ ಮುಂಚೆ ಇದನ್ನ ಓದಿ

ನಾಪೋಕ್ಲು ಬ್ರದರ್, ಮನೇಲಿ ಮಗುವಿಗೆ ಹೆಸರಿಡೋ ಕಾರ್ಯಕ್ರಮ ಮತ್ತು ಕಸಿನ್ ಮದುವೆ ತೆಗೆಯೋಕೆ ಕಡಿಮೆ ಬೆಲೆಯ ಫ್ಲ್ಯಾಶ್ ಯಾವುದು ಅಂತ ಕೇಳಿದ್ದೀರಿ. ಮೇಲೆ ಮೂರ್ನಾಲ್ಕು ಜನ "ಕಣ್ಣುಮುಚ್ಚಿ ಗೊಡಾಕ್ಸ್ ಟಿಟಿ600 ತಗೊಳ್ಳಿ" ಅಂದಿದ್ದಾರೆ. ಒಳ್ಳೇ ಫ್ಲ್ಯಾಶ್, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದರೆ ನಿಮ್ಮದು ಕ್ಯಾನನ್ 200ಡಿ ಮಾರ್ಕ್ 2 ಅಂತ ಬರೆದಿದ್ದೀರಿ. ಅದರ ಮೇಲೆ ಟಿಟಿ600 ಸರಿಯಾಗೇ ಕೂರುತ್ತೆ, ಆನ್ ಕೂಡ ಆಗುತ್ತೆ. ಕ್ಲಿಕ್ ಮಾಡಿದಾಗ ಮಾತ್ರ ಹೊಡೆಯಲ್ಲ.

ಫ್ಲ್ಯಾಶ್ ತೆಗೆದು ಕ್ಯಾಮೆರಾದ ಹಾಟ್ ಶೂ (ಫ್ಲ್ಯಾಶ್ ಕೂರಿಸೋ ಜಾಗ) ನೋಡಿ. ಬೇರೆ ಕ್ಯಾಮೆರಾಗಳಲ್ಲಿ ನಟ್ಟನಡುವೆ ಒಂದು ದುಂಡನೆ ಲೋಹದ ಚುಕ್ಕೆ ಇರುತ್ತೆ. 200ಡಿ ಮಾರ್ಕ್ 2, 1500ಡಿ, 3000ಡಿ ಈ ಮೂರರಲ್ಲೂ ಕ್ಯಾನನ್‌ನವರು ಅದನ್ನ ತೆಗೆದುಬಿಟ್ಟಿದ್ದಾರೆ. ಟಿಟಿ600ನಂಥ ಮ್ಯಾನ್ಯುಯಲ್ ಫ್ಲ್ಯಾಶ್‌ಗೆ (ಬೆಳಕು ಎಷ್ಟು ಅಂತ ನಾವೇ ಕೈಯಾರೆ ಇಡೋದು) 'ಈಗ ಹೊಡಿ' ಅನ್ನೋ ಸಿಗ್ನಲ್ ಸಿಗೋದು ಆ ಚುಕ್ಕೆಯಿಂದಲೇ. ಯಾಂಗ್‌ನುವೊ ಕಂಪನಿಯ 560 ಸರಣಿಯದ್ದೂ ಇದೇ ಕತೆ. ಮನೇಲಿ ಫಿಲ್ಮ್ ಕಾಲದ ಹಳೇ ಫ್ಲ್ಯಾಶ್ ಇದೆ ಅಂದಿರಲ್ಲ, ಅದೂ ನಡೆಯಲ್ಲ. ನಡೆಯದೇ ಇರೋದೇ ಒಳ್ಳೇದು ಅನ್ನಿ, ಅಂಥ ಕೆಲವು ಫ್ಲ್ಯಾಶ್‌ಗಳ ಟ್ರಿಗರ್ ವೋಲ್ಟೇಜ್ ನೂರು ದಾಟುತ್ತೆ, ಈಗಿನ ಕ್ಯಾಮೆರಾಕ್ಕೆ ಹಾಕೋ ಧೈರ್ಯ ಮಾಡಬಾರದು.

ಹಾಗಾಗಿ ನಿಮಗೆ ಬೇಕಿರೋದು ಕ್ಯಾನನ್‌ಗಂತಲೇ ಮಾಡಿದ ಟಿಟಿಎಲ್ ಫ್ಲ್ಯಾಶ್, ಅಂದರೆ ಎಷ್ಟು ಬೆಳಕು ಬೇಕು ಅಂತ ಕ್ಯಾಮೆರಾ ಜೊತೆ ಮಾತಾಡಿ ತಾನೇ ಲೆಕ್ಕ ಹಾಕೋದು. ಗೊಡಾಕ್ಸ್‌ನಲ್ಲಾದರೆ ಹೆಸರಿನ ಕೊನೆಗೆ 'ಸಿ' ಇರಬೇಕು. 'ಎನ್' ನಿಕಾನ್‌ಗೆ, 'ಎಸ್' ಸೋನಿಗೆ. ಆನ್‌ಲೈನ್‌ನಲ್ಲಿ ಅವಸರಕ್ಕೆ ಒತ್ತಿದರೆ ಒಂದಕ್ಷರದಲ್ಲಿ ಎಡವಟ್ಟಾಗುತ್ತೆ. ಟಿಟಿಎಲ್ ಆದ್ದರಿಂದ ಟಿಟಿ600ಕ್ಕಿಂತ ದುಬಾರಿ, ಅದಕ್ಕೆ ಬೇರೆ ದಾರಿ ಇಲ್ಲ. ಮೈಸೂರಿಗೆ ಹೋಗೋರಿದ್ದರೆ ಕ್ಯಾಮೆರಾ ಜೊತೆಗೇ ಒಯ್ದು, ಅಂಗಡಿಯಲ್ಲೇ ಹಾಕಿ ಹತ್ತು ಫೋಟೋ ತೆಗೆದು ನೋಡಿ. ಹಳೇ ಸ್ಟಾಕ್ ಆಗಿದ್ದರೆ ಫರ್ಮ್‌ವೇರ್ ಅಪ್‌ಡೇಟ್ ಬೇಕಾಗಬಹುದು, ಅದನ್ನೂ ಅವರ ಕೈಲೇ ಮಾಡಿಸಿಕೊಳ್ಳಿ.

ಈಗ ಯಾವುದು ಅನ್ನೋದು. ಡಬ್ಬದ ಮೇಲೆ ದೊಡ್ಡದಾಗಿ 'ಗೈಡ್ ನಂಬರ್ 60' (ಫ್ಲ್ಯಾಶ್‌ನ ಶಕ್ತಿಯ ಅಳತೆ) ಅಂತ ಬರೆದಿರ್ತಾರೆ, ಅದಕ್ಕೆ ಮರುಳಾಗಬೇಡಿ. ಅದು ಫ್ಲ್ಯಾಶ್‌ನ ತಲೆ 200 ಎಂಎಂಗೆ ಜೂಮ್ ಆದಾಗಿನ ಲೆಕ್ಕ. ಮನೆಯೊಳಗೆ 24, 35 ಎಂಎಂನಲ್ಲಿ ತೆಗೆಯೋವಾಗ ತುಂಬಾ ಇಳಿಯುತ್ತೆ. ಗೈಡ್ ನಂಬರನ್ನ ಎಫ್ ನಂಬರಿಂದ (ಲೆನ್ಸ್ ಎಷ್ಟು ತೆರೆದಿದೆ ಅನ್ನೋ ಅಂಕಿ) ಭಾಗಿಸಿದರೆ ಐಎಸ್ಓ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಅಂಕಿ) 100ರಲ್ಲಿ ಬೆಳಕು ಎಷ್ಟು ಮೀಟರ್ ಮುಟ್ಟುತ್ತೆ ಅಂತ ಸಿಗುತ್ತೆ. ನಿಮ್ಮ ಕ್ಯಾಮೆರಾದ ಪಾಪ್‌ಅಪ್ ಫ್ಲ್ಯಾಶ್‌ನ ಗೈಡ್ ನಂಬರ್ ಹತ್ತರ ಒಳಗೆ, ಅಂದರೆ ಎಫ್/4ರಲ್ಲಿ ಎರಡೂವರೆ ಮೀಟರ್. ಎದುರಿಗಿರೋ ಅತ್ತೆ ಬೆಳ್ಳಗೆ, ಹಿಂದಿರೋ ಮಾವ ಕತ್ತಲಲ್ಲಿ ಬರೋದು ಇದಕ್ಕೇ.

ನಂಬರಿಗಿಂತ ಮುಖ್ಯ ತಲೆ ಮೇಲಕ್ಕೂ ಪಕ್ಕಕ್ಕೂ ತಿರುಗಬೇಕು. ಸೆಕೆಂಡ್ ಹ್ಯಾಂಡಲ್ಲಿ ಸಿಗೋ ಕ್ಯಾನನ್ 270ಇಎಕ್ಸ್ 2 ಮೇಲಕ್ಕೆ ಏಳುತ್ತೆ, ಪಕ್ಕಕ್ಕೆ ತಿರುಗಲ್ಲ. ಕ್ಯಾಮೆರಾ ಉದ್ದಕ್ಕೆ ಹಿಡಿದ ತಕ್ಷಣ ಅದು ಕೆಲಸಕ್ಕೆ ಬರಲ್ಲ. ಮನೆ ಕಾರ್ಯಕ್ರಮಕ್ಕಷ್ಟೇ ಅಂದರೆ ಗೊಡಾಕ್ಸ್ ಟಿಟಿ350ಸಿ ಸಾಕು. ಎರಡೇ ಡಬಲ್ ಎ ಸೆಲ್, ನಿಮ್ಮ ಪುಟ್ಟ ಬಾಡಿಗೆ ಭಾರ ಆಗಲ್ಲ, ತಲೆ ಎಲ್ಲಾ ಕಡೆ ತಿರುಗುತ್ತೆ. ಆದರೆ ಫೆಬ್ರವರಿಯಲ್ಲಿ ವಿರಾಜಪೇಟೆ ಕೊಡವ ಸಮಾಜದಲ್ಲಿ ಕಸಿನ್ ಮದುವೆನೂ ಇದೆ ಅಂದಿದ್ದೀರಿ. ಅದಕ್ಕೆ ಇದರ ಉಸಿರು ಸಾಲಲ್ಲ. ಎರಡನ್ನೂ ತೆಗೆಯೋದೇ ಹೌದಾದರೆ ಸ್ವಲ್ಪ ಕಾದು ದುಡ್ಡು ಸೇರಿಸಿ ಟಿಟಿ685 2 ಸಿ ತಗೊಳ್ಳಿ ಅನ್ನೋದು ನನ್ನ ಅಭಿಪ್ರಾಯ. ಲಿಥಿಯಂ ಬ್ಯಾಟರಿಯ ವಿ860 3 ಸಿ ಇನ್ನೂ ಚೆನ್ನ, ಆದರೆ ದುಡ್ಡು ತಗೊಂಡು ಮದುವೆ ತೆಗೆಯೋರಿಗೆ ಅದು.

ಮನೆಯ ವಿಷಯಕ್ಕೆ ಬರೋಣ, ಅಸಲಿ ತಾಪತ್ರಯ ಇರೋದು ಅಲ್ಲಿ. ಯೂಟ್ಯೂಬಲ್ಲಿ ಎಲ್ಲರೂ "ಸೀಲಿಂಗ್‌ಗೆ ಬೌನ್ಸ್ ಮಾಡಿ" ಅಂತಾರೆ, ಅಂದರೆ ಬೆಳಕನ್ನ ಮೇಲಕ್ಕೆ ಹೊಡೆದು ಅಲ್ಲಿಂದ ವಾಪಸ್ ಬೀಳಿಸಿ ಅಂತ. ಅವರದ್ದು ತಗ್ಗಿನ ಬಿಳೀ ಸೀಲಿಂಗ್. ನಮ್ಮ ಕಡೆ ಹಳೇ ಮನೆಗಳಲ್ಲಿ ಮರದ ಹಲಗೆಯ ಸೀಲಿಂಗ್, ಇಲ್ಲವಾದರೆ ನೇರ ಹೆಂಚು. ಮೇಲೆ ಹೋದ ಬೆಳಕನ್ನ ಮರ ಅರ್ಧಕ್ಕಿಂತ ಹೆಚ್ಚು ನುಂಗುತ್ತೆ, ವಾಪಸ್ ಬಂದಷ್ಟು ಕಂದುಬಣ್ಣಕ್ಕೆ ತಿರುಗಿರುತ್ತೆ. ಮಗು ಹೆಸರಿಡೋ ದಿನ ಎಲ್ಲರ ಮುಖಕ್ಕೂ ಅರಿಶಿನ ಬಳಿದ ಹಾಗೆ ಬರುತ್ತೆ. ಅಂಥ ಕೋಣೆಯಲ್ಲಿ ಸೀಲಿಂಗ್ ಮರೆತು ಬಿಳೀ ಗೋಡೆ ಹುಡುಕಿ. ತಲೆಯನ್ನ ಪಕ್ಕಕ್ಕೋ, ನಿಮ್ಮ ಹೆಗಲ ಹಿಂದಕ್ಕೋ ತಿರುಗಿಸಿ ಗೋಡೆಗೆ ಹೊಡೀರಿ. ಬೆಳಕು ಕಿಟಕಿಯಿಂದ ಬಂದಷ್ಟೇ ಮೆತ್ತಗಿರುತ್ತೆ. ಗೋಡೆ ಹಸಿರೋ ನೀಲಿಯೋ ಇದ್ದರೆ ಒಂದು ಥರ್ಮಾಕೋಲ್ ಶೀಟ್ ಒರಗಿಸಿಡಿ, ಅಲಂಕಾರಕ್ಕೆ ತಂದಿದ್ದು ಹೇಗೂ ಮಿಕ್ಕಿರುತ್ತೆ.

ಸೆಟ್ಟಿಂಗ್: ಕ್ಯಾಮೆರಾ ಎಂ (ಮ್ಯಾನ್ಯುಯಲ್) ಮೋಡಲ್ಲಿ, ಐಎಸ್ಓ 800, ಎಫ್/4ರಿಂದ 5.6, ಶಟರ್ 1/125, ಫ್ಲ್ಯಾಶ್ ಟಿಟಿಎಲ್. ಶಟರ್ ಬದಲಿಸಿದರೆ ಕೋಣೆಯ ಬಲ್ಬಿನ ಬೆಳಕಷ್ಟೇ ಹೆಚ್ಚುಕಮ್ಮಿ ಆಗೋದು, ಫ್ಲ್ಯಾಶ್ ಬೆಳಕು ಬದಲಾಗಲ್ಲ. ಹಿನ್ನೆಲೆ ಕಪ್ಪಾಯ್ತು ಅನ್ನಿಸಿದರೆ 1/60ಕ್ಕೆ ಇಳಿಸಿ. 1/200 ಮಾತ್ರ ದಾಟಬೇಡಿ, ನಿಮ್ಮ ಕ್ಯಾಮೆರಾದ ಸಿಂಕ್ ಮಿತಿ (ಮಾಮೂಲಾಗಿ ಫ್ಲ್ಯಾಶ್ ಜೊತೆ ಬಳಸಬಹುದಾದ ಅತಿ ವೇಗದ ಶಟರ್) ಅಷ್ಟೇ.

ಮದುವೆ ಹಾಲ್‌ನಲ್ಲಿ ಟಿಟಿಎಲ್ ಅನ್ನ ಪೂರ್ತಿ ನಂಬಬೇಡಿ. ಅದು ಫೋಟೋಗೆ ಮುಂಚೆ ಒಂದು ಸಣ್ಣ ಮಿಂಚು ಬಿಟ್ಟು, ವಾಪಸ್ ಬಂದ ಬೆಳಕು ನೋಡಿ ಲೆಕ್ಕ ಹಾಕುತ್ತೆ. ಕಪ್ಪು ಕುಪ್ಯ (ಕೊಡವ ಗಂಡಸರ ನಿಲುವಂಗಿ) ಹಾಕಿದ ಹತ್ತು ಜನ ಸಾಲಾಗಿ ನಿಂತರೆ 'ಕತ್ತಲಿದೆ' ಅಂದುಕೊಂಡು ಜೋರಾಗಿ ಹೊಡೆದುಬಿಡುತ್ತೆ, ಮುಖ ಸುಣ್ಣ, ಸೊಂಟದ ಪೀಚೆಕತ್ತಿಯ ಬೆಳ್ಳಿ ಬರೀ ಬಿಳೀ ಮಚ್ಚೆ. ಫ್ಲ್ಯಾಶ್ ಕಾಂಪನ್ಸೇಷನ್ (ಫ್ಲ್ಯಾಶ್ ಬೆಳಕು ಏರಿಳಿಸೋ ಸೆಟ್ಟಿಂಗ್) ಮೈನಸ್ 2/3ರಿಂದ ಒಂದು ಸ್ಟಾಪ್ ಇಳಿಸಿ. ಬಿಳೀ ಕುಪ್ಯದ ಮದುಮಗ ಒಬ್ಬನೇ ಫ್ರೇಮಲ್ಲಿದ್ದಾಗ ಉಲ್ಟಾ, ಸ್ವಲ್ಪ ಏರಿಸಿ. ಎಲ್ಲರೂ ಒಂದೇ ಜಾಗದಲ್ಲಿ ನಿಂತು ತೆಗೆಸಿಕೊಳ್ಳೋ ಸ್ಟೇಜ್ ಫೋಟೋಗೆ ಫ್ಲ್ಯಾಶನ್ನೇ ಮ್ಯಾನ್ಯುಯಲ್‌ಗೆ ಹಾಕಿ 1/4 ಪವರ್‌ನಿಂದ ಶುರುಮಾಡಿ. ಒಂದು ಸಲ ಸರಿ ಬಂದ ಮೇಲೆ ಬಟ್ಟೆ ಯಾವ ಬಣ್ಣ ಅನ್ನೋ ಚಿಂತೆ ಇಲ್ಲ. ಸೀಲಿಂಗ್ ತುಂಬಾ ಎತ್ತರ ಇದ್ದರೆ ಬೌನ್ಸ್ ಆಸೆ ಬಿಡಿ. ಐಎಸ್ಓ 1600ಕ್ಕೆ ಏರಿಸಿ, ಹಾಲ್‌ನ ಲೈಟಿಗೆ ಹೆಚ್ಚು ಕೆಲಸ ಕೊಟ್ಟು, ಫ್ಲ್ಯಾಶ್ ನೇರವಾಗಿ ಕಮ್ಮಿ ಹೊಡೀರಿ. ವಾಲಗಕ್ಕೆ ಕುಣಿಯೋರನ್ನ 1/30ರಲ್ಲಿ ಒಮ್ಮೆ ಪ್ರಯತ್ನಿಸಿ, ಮುಖ ನಿಲ್ಲುತ್ತೆ, ಸುತ್ತ ಓಡಾಟ ಕಾಣುತ್ತೆ.

ಸೆಲ್ ವಿಷಯದಲ್ಲಿ ಕಂಜೂಸ್‌ತನ ಬೇಡ. ಅಂಗಡಿಯ ಮಾಮೂಲಿ ಪೆನ್ಸಿಲ್ ಸೆಲ್ ಹಾಕಿದರೆ ಎರಡು ಫೋಟೋ ನಡುವೆ ಕಾಯೋದೇ ಆಗುತ್ತೆ. ಎನೆಲೂಪ್ ಥರದ ರೀಚಾರ್ಜ್ ಸೆಲ್ ಎರಡು ಸೆಟ್ ಇಟ್ಟುಕೊಳ್ಳಿ, ಕರೆಂಟ್ ನೆಚ್ಚಿಕೊಳ್ಳದೆ ಹಿಂದಿನ ದಿನವೇ ಚಾರ್ಜ್ ಮಾಡಿ. ಫುಲ್ ಪವರಲ್ಲಿ ಬಿಡದೆ ಹೊಡೆದರೆ ತಲೆ ಬಿಸಿಯಾಗಿ ಫ್ಲ್ಯಾಶ್ ತಾನೇ ನಿಧಾನ ಮಾಡಿಕೊಳ್ಳುತ್ತೆ, ಕೆಟ್ಟಿತು ಅಂತ ಗಾಬರಿ ಬೇಡ. ಜೂನ್ ಬಂತೆಂದರೆ ಸೆಲ್ ತೆಗೆದು, ಸಿಲಿಕಾ ಜೆಲ್ ಹಾಕಿದ ಗಾಳಿ ಹೋಗದ ಡಬ್ಬಿಯಲ್ಲಿ ಲೆನ್ಸ್ ಜೊತೆ ಇಡಿ. ತಿಂಗಳಿಗೊಮ್ಮೆ ಸೆಲ್ ಹಾಕಿ ಟೆಸ್ಟ್ ಬಟನ್ ನಾಲ್ಕು ಸಲ ಒತ್ತಿ, ಕೆಪಾಸಿಟರ್‌ಗೆ ಅದು ಬೇಕು.

ಕೋಣೆಯ ಒಂದು ಫೋಟೋ ಮೊಬೈಲಲ್ಲಿ ತೆಗೆದು ಇಲ್ಲಿ ಹಾಕಿ, ಯಾವ ಗೋಡೆಗೆ ಹೊಡೆಯಬಹುದು ಅಂತ ನೋಡಿ ಹೇಳ್ತೀನಿ.