ಹಿರಿಯರು ಹೋದ ಮೇಲೆ ಅವರ ತಿಳಿವಳಿಕೆ ಎಲ್ಲಿ?

ಪ್ರಶ್ನೆ: ನಮ್ಮ ಮೆಂಟೆನೆನ್ಸ್ ವಿಭಾಗದ ಹಿರಿಯರೊಬ್ಬರು ಮೂರು ತಿಂಗಳಲ್ಲಿ ನಿವೃತ್ತರಾಗುತ್ತಾರೆ. ಗೊತ್ತಿರುವುದನ್ನೆಲ್ಲ ಬರೆದಿಡಿ ಅಂದೆವು. ಪಾಪ, ನಲವತ್ತು ಪುಟ ಬರೆದುಕೊಟ್ಟಿದ್ದಾರೆ. ಓದಿದ ಹುಡುಗರಿಗೆ ಮಾತ್ರ ಏನೂ ಹತ್ತುತ್ತಿಲ್ಲ. ಸಲಹೆಗಾರರೊಬ್ಬರು ನಾಲ್ಕು ಮನೆಯ ಚಿತ್ರ ತೋರಿಸಿ, ‘ಸೆಕಿ ಮಾದರಿ’ ಅನುಸರಿಸಿ ಅಂದರು. ಇದರಿಂದ ಉಪಯೋಗ ಇದೆಯಾ?

ಉತ್ತರ: ಇದೆ. ಆದರೆ ನೀವು ಮೊದಲ ಮನೆ ಬಿಟ್ಟು ಎರಡನೆಯದರಿಂದ ಶುರು ಮಾಡಿದ್ದೀರಿ. ತೊಡಕಾಗಿರುವುದು ಅಲ್ಲೇ.

ಆ ಚಿತ್ರ ಜಪಾನಿನ ನಿರ್ವಹಣಾ ಚಿಂತಕ ಇಕುಜಿರೊ ನೊನಾಕಾ ಅವರದು. ಹಿರೊತಾಕಾ ತಕೆಉಚಿ ಜೊತೆ ಸೇರಿ 1995ರಲ್ಲಿ ಅದನ್ನು ವಿವರವಾಗಿ ಬರೆದರು. ಮೊದಲ ಮನೆ, ಜೊತೆಗಿದ್ದು ಕಲಿಯುವುದು. ಎರಡನೆಯದು, ಕಲಿತದ್ದನ್ನು ಮಾತಿಗೆ ತರುವುದು. ಮೂರನೆಯದು, ಅದನ್ನು ಉಳಿದ ದಾಖಲೆಗಳ ಜೊತೆ ಹೊಂದಿಸುವುದು. ನಾಲ್ಕನೆಯದು, ಮಾಡಿ ಮಾಡಿ ಕೈಗೆ ಹತ್ತಿಸಿಕೊಳ್ಳುವುದು. ಈ ನಾಲ್ಕರ ಇಂಗ್ಲಿಷ್ ಹೆಸರುಗಳ ಮೊದಲಕ್ಷರ ಸೇರಿದರೆ ‘ಸೆಕಿ’. ಅಲ್ಲಿಂದ ಮತ್ತೆ ಮೊದಲ ಮನೆಗೆ, ಒಂದು ಸುತ್ತು ಮೇಲಕ್ಕೆ.

ನೊನಾಕಾ ಕೊಟ್ಟ ಉದಾಹರಣೆ ನನಗೆ ತುಂಬಾ ಇಷ್ಟ. 1980ರ ದಶಕದಲ್ಲಿ ಮತ್ಸುಷಿತಾ (ಈಗಿನ ಪ್ಯಾನಾಸೋನಿಕ್) ಕಂಪನಿಯವರು ಬ್ರೆಡ್ ಮಾಡುವ ಯಂತ್ರ ತಯಾರಿಸುತ್ತಿದ್ದರು. ಹಿಟ್ಟು ಸರಿಯಾಗಿ ನಾದಿಕೊಳ್ಳುತ್ತಲೇ ಇರಲಿಲ್ಲ. ಎಕ್ಸ್‌ರೇ ತೆಗೆದು ನೋಡಿದರೂ ಕಾರಣ ಸಿಗಲಿಲ್ಲ. ಆಗ ಇಕುಕೊ ತನಾಕಾ ಎಂಬ ಸಾಫ್ಟ್‌ವೇರ್ ತಜ್ಞೆ ಒಸಾಕಾದ ಹೋಟೆಲೊಂದರ ಮುಖ್ಯ ಬೇಕರ್ ಬಳಿ ಕೆಲಸ ಕಲಿಯಲು ಹೋದರು. ಆ ಬೇಕರ್ ಹಿಟ್ಟನ್ನು ಎಳೆಯುತ್ತಾ ಒಂದು ಸಣ್ಣ ತಿರುಚು ಕೊಡುತ್ತಿದ್ದದ್ದು ತನಾಕಾ ಕಣ್ಣಿಗೆ ಬಿತ್ತು. ಎಂಜಿನಿಯರುಗಳು ಯಂತ್ರದ ಒಳಬದಿಗೆ ಏಣುಗಳನ್ನು ಕೂರಿಸಿ ಆ ತಿರುಚನ್ನೇ ತಂದರು. ಪಕ್ಕದಲ್ಲಿ ನಿಂತು ನೋಡಿದ್ದು ಮೊದಲು, ‘ಎಳೆದು ತಿರುಚು’ ಅನ್ನುವ ಮಾತು ಆಮೇಲೆ.

ನಾನು ಪಂಪು, ಮೋಟಾರು ರಿಪೇರಿಯಲ್ಲೇ ಕೆಲಸ ಕಲಿತವನು. ನನ್ನ ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಬೇರಿಂಗ್ ಮನೆಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ನಾನು ಕೇಳಿದರೆ ಬರೀ ಗುಂಯ್ ಅನ್ನುವ ಸದ್ದು. ಅವರು ಬರೆದಿಟ್ಟ ಪುಸ್ತಕದಲ್ಲಿ ಒಂದೇ ಸಾಲು ಇತ್ತು: ‘ಅಸಹಜ ಸದ್ದು ಬಂದರೆ ಬೇರಿಂಗ್ ಬದಲಿಸಿ.’ ಅಸಹಜ ಅಂದರೆ ಯಾವುದು? ಅವರಿಗೆ ಅದು ಎಷ್ಟು ಸಲೀಸು ಅಂದರೆ, ವಿವರಿಸಬೇಕು ಅಂತಲೇ ಹೊಳೆದಿರಲಿಲ್ಲ. ತಿಂಗಳುಗಟ್ಟಲೆ ಜೊತೆಗೆ ಓಡಾಡಿದ ಮೇಲೆ ನಾನೇ ಕೇಳಿ ಕೇಳಿ ಬರೆದುಕೊಂಡೆ: ಕೀರಲು ಸದ್ದಾದರೆ ಗ್ರೀಸ್ ಸಾಲದು. ಮರಳು ಜಗಿದಂತಿದ್ದರೆ ಒಳಗೆ ಕಸ ಸೇರಿದೆ. ಟಕ್ ಟಕ್ ಅಂತ ಒಂದೇ ಲಯದಲ್ಲಿ ಬಂದರೆ ಗುಂಡು ಓಡುವ ದಾರಿ ತಿಂದುಹೋಗಿದೆ. ಅದನ್ನು ಓದಿಸಿದಾಗ ಅವರು, ‘ಓ, ನಾನು ಹೀಗೆ ಮಾಡ್ತೀನಾ?’ ಅಂದರು. ನಮಗೆ ಹೇಳಲಾಗುವುದಕ್ಕಿಂತ ಜಾಸ್ತಿ ನಮಗೆ ಗೊತ್ತಿರುತ್ತದೆ ಎಂದು ತತ್ತ್ವಜ್ಞಾನಿ ಮೈಕೆಲ್ ಪೊಲಾನಿ 1966ರಲ್ಲೇ ಬರೆದಿದ್ದರು. ನನಗೆ ಅದರ ಅರ್ಥ ಆದದ್ದು ಮೇಸ್ತ್ರಿಯ ಆ ಮಾತಿನಲ್ಲಿ.

ಹಾಗಾಗಿ ಆ ನಲವತ್ತು ಪುಟ ಸದ್ಯಕ್ಕೆ ಪಕ್ಕಕ್ಕಿರಲಿ. ಅವರೊಬ್ಬರಿಂದಲೇ ಆಗುವ ಮೂರೋ ನಾಲ್ಕೋ ಕೆಲಸ ಆರಿಸಿ. ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಬೇರೆ ಕೆಲಸದಿಂದ ಬಿಡಿಸಿ ಅವರ ಜೊತೆ ಹಾಕಿ. ಮೊದಲ ತಿಂಗಳು ಅವರು ಮಾಡಲಿ, ಕಲಿಯುವವರು ಬರೆಯಲಿ. ಎರಡನೇ ತಿಂಗಳು ಕಲಿಯುವವರು ಮಾಡಲಿ, ಅವರು ಕೈಕಟ್ಟಿ ನಿಂತು ತಿದ್ದಲಿ. ಕೊನೆಯ ತಿಂಗಳು ಅವರನ್ನು ಕೇಳದೆ ಮಾಡಲಿ. ಎಲ್ಲಿ ತಡವರಿಸುತ್ತಾರೋ ಅದನ್ನು ಪುಟಕ್ಕೆ ಸೇರಿಸಿ. ಆ ಹುಡುಗನ ಮೂರು ತಿಂಗಳ ಉತ್ಪಾದನೆ ಹೋಗುತ್ತೆ ಅಂತ ಮೇಲಿನವರು ಹೇಳಬಹುದು. ದಯವಿಟ್ಟು ಬಿಟ್ಟುಕೊಡಬೇಡಿ.

ಪ್ರಶ್ನೆ: ಜ್ಞಾನ ನಿರ್ವಹಣೆಗೆ ಐಎಸ್ಓ ಪ್ರಮಾಣಪತ್ರ ಬೇಕೇ ಬೇಕಾ?

ಉತ್ತರ: ಬೇಕೇ ಬೇಕು ಅಂತೇನಿಲ್ಲ. ಇದಕ್ಕೆಂದೇ ಇರುವ ಐಎಸ್ಓ 30401 ಬಂದದ್ದು 2018ರಲ್ಲಿ. ನಿಮ್ಮಲ್ಲಿ ಈಗಾಗಲೇ ಗುಣಮಟ್ಟ ನಿರ್ವಹಣೆಯ ಐಎಸ್ಓ 9001 ಇದ್ದರೆ, ಅದರ 2015ರ ಆವೃತ್ತಿಯ 7.1.6ನೇ ಕಲಮು ಓದಿ. ಕೆಲಸಕ್ಕೆ ಬೇಕಾದ ತಿಳಿವಳಿಕೆ ಯಾವುದು ಅಂತ ಗುರುತಿಸಿ, ಕಾಪಾಡಿ, ಬೇಕಾದವರಿಗೆ ಸಿಗುವಂತೆ ಇಡಿ ಅಂತ ಅಲ್ಲೇ ಇದೆ. ಮೊದಲು ಅದನ್ನು ಮನಸ್ಸಿಟ್ಟು ಮಾಡಿ.

ಪ್ರಶ್ನೆ: ಅನುಭವ ಹಂಚಿಕೊಳ್ಳಲು ಒಳ್ಳೆಯ ಸಾಫ್ಟ್‌ವೇರ್ ತಂದಿದ್ದೇವೆ. ಯಾರೂ ಬರೆಯುತ್ತಿಲ್ಲ. ಒಂದು ಬರಹಕ್ಕೆ ಇಷ್ಟು ಅಂತ ಹಣ ಕೊಟ್ಟರೆ ಹೇಗೆ?

ಉತ್ತರ: ಬೇಡ. ನಾನಿದ್ದ ಒಂದು ಕಡೆ ಹೀಗೇ ಮಾಡಿದರು. ಬರಹಗಳು ರಾಶಿ ಬಿದ್ದವು, ಜಾಸ್ತಿ ಪಾಲು ಮ್ಯಾನ್ಯುಯಲ್‌ನಿಂದ ಇಳಿಸಿದ್ದು. ಕೆಲಸಕ್ಕೆ ಬರುವ ನಾಲ್ಕು ಮಾತು ಆ ರಾಶಿಯಲ್ಲಿ ಮುಚ್ಚಿಹೋದವು. ಹುಡುಕುವುದನ್ನೇ ಜನ ಬಿಟ್ಟರು.

ಜೆರಾಕ್ಸ್ ಕಂಪನಿಯ ರಿಪೇರಿಯವರ ಕಥೆ ನೋಡಿ. ಜೂಲಿಯನ್ ಆರ್ ಎಂಬ ಮಾನವಶಾಸ್ತ್ರಜ್ಞ ಅವರ ಜೊತೆ ಓಡಾಡಿ ಗಮನಿಸಿದರು. ಹಟಮಾರಿ ಯಂತ್ರಗಳನ್ನು ಅವರು ದಾರಿಗೆ ತರುತ್ತಿದ್ದದ್ದು ಮ್ಯಾನ್ಯುಯಲ್‌ನಿಂದ ಅಲ್ಲ. ಊಟಕ್ಕೆ ಕೂತಾಗ ಒಬ್ಬರಿಗೊಬ್ಬರು ಹೇಳುವ ಕಥೆಗಳಿಂದ. 1990ರ ದಶಕದಲ್ಲಿ ಕಂಪನಿ ಇಂಥ ಉಪಾಯಗಳಿಗೆ ‘ಯುರೇಕಾ’ ಎಂಬ ವ್ಯವಸ್ಥೆ ಕಟ್ಟಿತು. ಒಬ್ಬರು ಕಳಿಸಿದ ಉಪಾಯವನ್ನು ಇತರ ರಿಪೇರಿಯವರೇ ಪರಿಶೀಲಿಸಿ ಒಪ್ಪಬೇಕು. ಒಪ್ಪಿದರೆ ಕಳಿಸಿದವರ ಹೆಸರಿನ ಜೊತೆ ಎಲ್ಲರಿಗೂ ಸಿಗುತ್ತಿತ್ತು. ಅವರಿಗೆ ಬೇಕಿದ್ದದ್ದು ಆ ಹೆಸರು, ಹಣ ಅಲ್ಲ.

ನಿಮ್ಮ ಸಾಫ್ಟ್‌ವೇರಿನಲ್ಲಿ ‘ಬರೆದವರು’ ಅನ್ನುವ ಸಾಲಿನ ಕೆಳಗೆ ‘ಮಾಡಿ ನೋಡಿದವರು’ ಅನ್ನುವ ಸಾಲು ಇದೆಯಾ? ಇಲ್ಲದಿದ್ದರೆ ಈ ವಾರವೇ ಸೇರಿಸಿ. ಮೊದಲ ಹತ್ತು ಬರಹಗಳನ್ನು ನೀವೇ ಜನರ ಪಕ್ಕ ಕೂತು, ಅವರು ಹೇಳಿದ ಹಾಗೇ ಟೈಪ್ ಮಾಡಿಕೊಡಿ.